ಮೈಕೋ ಪಂಪಿನ ಎಂಜಿನ್ನಿಗೆ ವಿಜಿಟಿ ಟರ್ಬೊ: ವೇನ್‌ಗಳನ್ನು ಯಾವುದರ ಹಿಡಿತಕ್ಕೆ ಕೊಡಬೇಕು?

ಮೆಕ್ಯಾನಿಕಲ್ ಡೀಸೆಲ್ ಪಂಪು ಇರುವ ಎಂಜಿನ್ನಿಗೆ ವಿಜಿಟಿ ಟರ್ಬೊ ಕೂರಿಸುವುದಾದರೆ, ಅದರ ವೇನ್‌ಗಳನ್ನು ತಿರುಗಿಸುವ ಕೆಲಸವನ್ನು ಎಕ್ಸಾಸ್ಟ್ ಮ್ಯಾನಿಫೋಲ್ಡಿನೊಳಗಿನ ಹೊಗೆಯ ಒತ್ತಡಕ್ಕೇ ಬಿಡುವುದು ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಟರ್ಬೊ ಎಂದರೆ ಹೊರಹೋಗುವ ಹೊಗೆಯಿಂದ ಟರ್ಬೈನ್ ತಿರುಗಿಸಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಆ ಗಾಳಿಯ ಒತ್ತಡವೇ ಬೂಸ್ಟ್; ವಿಜಿಟಿಯಲ್ಲಿ ಟರ್ಬೈನಿನ ಸುತ್ತ ಹೊಗೆಯ ದಾರಿಯನ್ನು ಕಿರಿದು-ಹಿರಿದು ಮಾಡುವ ರೆಕ್ಕೆಗಳಿರುತ್ತವೆ, ಅವೇ ವೇನ್‌ಗಳು. ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಜೀಪಿನಲ್ಲಿ ಕೇಬಲ್, ಎಲೆಕ್ಟ್ರಾನಿಕ್ ಕಂಟ್ರೋಲರ್, ವ್ಯಾಕ್ಯೂಮ್ ವಾಲ್ವ್, ಬೂಸ್ಟ್ ಕ್ಯಾನಿಸ್ಟರ್ (ಒತ್ತಡ ಬಂದಾಗ ಕಡ್ಡಿಯನ್ನು ತಳ್ಳುವ ಡಬ್ಬಿ) ಎಲ್ಲವನ್ನೂ ಒಂದಾದ ಮೇಲೊಂದರಂತೆ ಹಾಕಿ ದುಡಿಸಿದ ನಂತರ ಇದನ್ನು ಬರೆಯುತ್ತಿದ್ದೇನೆ. ಜೀಪಿನದು ಮಹೀಂದ್ರದ 2523 ಸಿಸಿ ಡಿಐ ಎಂಜಿನ್. ಟರ್ಬೊ ಗುಜರಿಯಿಂದ ತಂದದ್ದು, 2.2 ಲೀಟರಿನ ಕಾಮನ್ ರೈಲ್ (ಕಂಪ್ಯೂಟರಿನ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ) ಗಾಡಿಯೊಂದರದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಮಾರ್ಪಾಡುಗಳಿಗೆ ಕಡಿವಾಣ ಹಾಕುವುದರಿಂದ ಈ ಜೀಪು ತೋಟದ ಗೇಟು ದಾಟುವುದಿಲ್ಲ.

ಕಾಮನ್ ರೈಲ್ ಗಾಡಿಯಲ್ಲಿ ಎಂಜಿನ್ನಿನ ವೇಗ, ಪೆಡಲಿನ ಸ್ಥಾನ, ಬೂಸ್ಟ್ ಇವನ್ನೆಲ್ಲ ಇಸಿಯು ಎಂಬ ಕಂಪ್ಯೂಟರ್ ನೋಡಿಕೊಂಡು ವೇನ್‌ಗಳನ್ನು ಎಷ್ಟು ಮುಚ್ಚಬೇಕೆಂದು ನಿರ್ಧರಿಸುತ್ತದೆ. ನಮ್ಮ ಪಂಪಿನಲ್ಲಿರುವುದು ವೇಗವನ್ನು ಹತೋಟಿಯಲ್ಲಿಡುವ ಗವರ್ನರಿನ ತೂಕಗಳು, ಸ್ಪ್ರಿಂಗು, ಮೇಲೊಂದು ಬೂಸ್ಟ್ ಡಯಾಫ್ರಾಮ್ (ಬೂಸ್ಟಿಗೆ ತಕ್ಕಂತೆ ಡೀಸೆಲ್ ಹೆಚ್ಚಿಸುವ ಪೊರೆ), ಅಷ್ಟೆ. 1951ರಲ್ಲಿ ಹುಟ್ಟಿದ ಬೆಂಗಳೂರಿನ ಮೈಕೋ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಇದು ಇಂದಿಗೂ ಮೈಕೋ ಪಂಪೇ. ಈ ಪಂಪಿಗೆ ಟರ್ಬೊದ ವೇನ್‌ಗಳ ಪರಿವೆ ಇಲ್ಲ. ಹೀಗಿರುವಾಗ, ಟ್ರೇಲರಿನಲ್ಲಿ ಮೂಟೆ ಹೇರಿಕೊಂಡು 1200 ಆರ್‌ಪಿಎಂನಲ್ಲಿ ಏರು ಹತ್ತುವಾಗ ಇರುವಷ್ಟೇ ಹೊಗೆ ಟರ್ಬೈನಿಗೆ ರಭಸದಿಂದ ಬಡಿಯುವಂತೆ ವೇನ್‌ಗಳು ಮುಚ್ಚಿರಬೇಕು. ವೇಗ ಏರಿದಂತೆ ಅವು ತೆರೆದುಕೊಳ್ಳದಿದ್ದರೆ ಹೊಗೆ ಹೊರಹೋಗಲು ದಾರಿಯಿಲ್ಲದೆ, ಪಿಸ್ಟನ್ನುಗಳು ಅದನ್ನು ದಬ್ಬುವುದಕ್ಕೇ ಡೀಸೆಲ್ ಖರ್ಚಾಗುತ್ತದೆ.

ಪಂಪಿನ ಲಿವರಿನಿಂದ ವೇನ್ ಲಿವರಿಗೆ ಕೇಬಲ್ ಎಳೆಯುವುದು ಎಲ್ಲಕ್ಕಿಂತ ಅಗ್ಗದ ಉಪಾಯ, ಆದರೆ ಪೆಡಲ್ ಪೂರ್ತಿ ಒತ್ತಿದ ಮಾತ್ರಕ್ಕೆ ಎಂಜಿನ್ ಜೋರಾಗಿ ತಿರುಗುತ್ತಿದೆ ಎಂದರ್ಥವಲ್ಲ. ಏರಿನ ಬುಡದಲ್ಲಿ ಕಾಲನ್ನು ಪೂರ್ತಿ ಊರಿದ ಕ್ಷಣವೇ ಕೇಬಲ್ ವೇನ್‌ಗಳನ್ನು ತೆರೆದುಬಿಡುತ್ತದೆ. ಬೂಸ್ಟ್ ಬೇಕಾದ ಹೊತ್ತಿಗೆ ಬರುವುದು ಕಪ್ಪು ಹೊಗೆ. ಕ್ಯಾಬಿನ್ನಿನೊಳಗೆ ಕೈ ಲಿವರ್ ಇಟ್ಟುಕೊಳ್ಳುವುದು ವೇನ್‌ಗಳ ಸ್ವಭಾವವನ್ನು ಕಲಿಯಲಷ್ಟೇ ಒಳ್ಳೆಯದು.

ಎಲೆಕ್ಟ್ರಾನಿಕ್ ಕಂಟ್ರೋಲರ್ ತತ್ತ್ವದ ಮಟ್ಟಿಗೆ ಎಲ್ಲಕ್ಕಿಂತ ಸರಿಯಾದದ್ದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆಲ್ಟರ್ನೇಟರಿನ ಡಬ್ಲ್ಯು ಟರ್ಮಿನಲ್ಲಿನಿಂದ ಎಂಜಿನ್ ವೇಗ, ಒಂದು ಸೆನ್ಸರಿನಿಂದ ಬೂಸ್ಟ್, ಇನ್ನೊಂದರಿಂದ ಪೆಡಲಿನ ಸ್ಥಾನ ತೆಗೆದುಕೊಂಡು ಅದು ಸೊಲೆನಾಯ್ಡ್ ಎಂಬ ವಿದ್ಯುತ್ ವಾಲ್ವಿನ ಮೂಲಕ ಟರ್ಬೊದ ಮೂಲ ವ್ಯಾಕ್ಯೂಮ್ ಆಕ್ಚುಯೇಟರನ್ನೇ (ವ್ಯಾಕ್ಯೂಮಿನಿಂದ ವೇನ್ ಕಡ್ಡಿಯನ್ನು ಎಳೆಯುವ ಡಬ್ಬಿ) ಆಡಿಸುತ್ತದೆ. ನಾನು ಹಣ ಕೊಟ್ಟು ತರಿಸಿದ ಸಿದ್ಧ ಕಂಟ್ರೋಲರು ಮಲೆನಾಡಿನ ಮಳೆಗಾಲವನ್ನು ತಾಳಲಿಲ್ಲ. ತಾಳಿದ್ದಷ್ಟು ಕಾಲವೂ, ಬೂಸ್ಟ್ ಏರುವುದು ತಡವಾದಾಗ ವೇನ್ ಮುಚ್ಚುವುದು, ಏರಿ ಮಿತಿ ಮೀರಿದಾಗ ತೆರೆಯುವುದು ಎಂದು ಒಂದೇ ಸಮನೆ ಹೊಯ್ದಾಡುತ್ತಿತ್ತು. ಇದನ್ನು ಲ್ಯಾಪ್‌ಟಾಪ್ ಹಿಡಿದು ಕೋಷ್ಟಕಗಳನ್ನು ತಿದ್ದುತ್ತಾ ಸರಿಪಡಿಸಬಹುದು, ಅದಕ್ಕೆ ಸಮಯ ಮತ್ತು ಆಸಕ್ತಿ ಎರಡೂ ಇರುವವರು ಖಂಡಿತ ಮಾಡಲಿ. ಒಂದು ಎಚ್ಚರ ಮಾತ್ರ ಎಲ್ಲರಿಗೂ ಅನ್ವಯಿಸುತ್ತದೆ: ಈ ಆಕ್ಚುಯೇಟರ್ ಬಳಸುವ ವ್ಯಾಕ್ಯೂಮ್ ಬ್ರೇಕ್ ಬೂಸ್ಟರಿನದೂ ಹೌದು. ನಡುವೆ ಒನ್-ವೇ ವಾಲ್ವ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಬ್ರೇಕ್ ಪೆಡಲ್ ಗಟ್ಟಿಯಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ನಿಸ್ಸಾನ್ ಪಟ್ರೋಲ್‌ನ ಝಡ್‌ಡಿ30 ಎಂಜಿನ್ ಇರುವವರು ನೆಚ್ಚಿಕೊಂಡಿರುವ ಡಾವ್ಸ್ ವಾಲ್ವ್ ಮತ್ತು ನೀಡಲ್ ವಾಲ್ವಿನ ಜೋಡಿ ಕೂಡ ವಿದ್ಯುತ್ತಿಲ್ಲದ ಉಪಾಯವೇ. ನೀಡಲ್ ವಾಲ್ವ್ ವ್ಯಾಕ್ಯೂಮಿನ ಹರಿವನ್ನು ಹದಗೊಳಿಸುತ್ತದೆ; ಬೂಸ್ಟ್ ಗೊತ್ತುಪಡಿಸಿದ ಮಟ್ಟ ಮುಟ್ಟಿದೊಡನೆ ಡಾವ್ಸ್ ವಾಲ್ವಿನ ಗುಂಡು ಸರಿದು ವ್ಯಾಕ್ಯೂಮ್ ಮುರಿಯುತ್ತದೆ. ಕೆಲಸ ಅಚ್ಚುಕಟ್ಟು, ಬೂಸ್ಟ್ ಮಿತಿ ತಪ್ಪುವುದಿಲ್ಲ. ಆದರೆ ಮುಂದೆ ಹೇಳುವ ತೊಂದರೆಯಿಂದ ಅದೂ ಹೊರತಲ್ಲ.

ಆ ತೊಂದರೆ ನನಗೆ ಸ್ಪಷ್ಟವಾದದ್ದು ಬೂಸ್ಟ್ ಕ್ಯಾನಿಸ್ಟರ್ ಹಾಕಿದಾಗ. ವ್ಯಾಕ್ಯೂಮ್ ಆಕ್ಚುಯೇಟರ್ ತೆಗೆದು, ಅದೇ ಜಾಗದಲ್ಲಿ ವೇನ್‌ಗಳಿಲ್ಲದ ಸಾಮಾನ್ಯ ವೇಸ್ಟ್‌ಗೇಟ್ ಟರ್ಬೊದ ಕ್ಯಾನಿಸ್ಟರನ್ನು ಕೂರಿಸಿದರೆ ಕಡ್ಡಿಯ ದಿಕ್ಕು ತಾನಾಗಿಯೇ ಹೊಂದುತ್ತದೆ: ಸ್ಪ್ರಿಂಗು ಕಡ್ಡಿಯನ್ನು ಒಳಗೆಳೆದು ವೇನ್‌ಗಳನ್ನು ಮುಚ್ಚಿ ಹಿಡಿಯುತ್ತದೆ, ಬೂಸ್ಟ್ ಬಂದಾಗ ಹೊರಕ್ಕೆ ತಳ್ಳಿ ತೆರೆಯುತ್ತದೆ. ಏರಿನಲ್ಲಿ ಇದರ ನಡವಳಿಕೆ ಬಹಳ ಚೆನ್ನಾಗಿತ್ತು, ಕೆಳಗಿನ ಆರ್‌ಪಿಎಂನಲ್ಲೇ ಪಿಕಪ್ ಬರುತ್ತಿತ್ತು. ಆದರೂ ಡೀಸೆಲ್ ಖರ್ಚು ಮಾತ್ರ ಟರ್ಬೊ ಇಲ್ಲದ ದಿನಗಳಿಗಿಂತ ಹೆಚ್ಚಾಗಿತ್ತು, ಮತ್ತು ಕಾರಣ ಏರಿನಲ್ಲಿ ಎಲ್ಲಿಯೂ ಕಾಣುತ್ತಿರಲಿಲ್ಲ.

ಕಾರಣ ಸಿಕ್ಕಿದ್ದು ಹಳ್ಳದ ದಂಡೆಯುದ್ದಕ್ಕೂ ಕಣದವರೆಗೆ ಹೋಗುವ ಮಟ್ಟಸ ದಾರಿಯಲ್ಲಿ, ಖಾಲಿ ಟ್ರೇಲರ್ ಎಳೆದುಕೊಂಡು 2200 ಆರ್‌ಪಿಎಂನಲ್ಲಿ ಹಗುರವಾಗಿ ಸಾಗುವಾಗ. ಡ್ಯಾಶ್‌ಬೋರ್ಡಿನಲ್ಲಿ ಎರಡು ಮೀಟರುಗಳಿದ್ದವು, ಒಂದು ಬೂಸ್ಟಿಗೆ, ಇನ್ನೊಂದು ಮ್ಯಾನಿಫೋಲ್ಡಿನ ಹೊಗೆಯ ಒತ್ತಡಕ್ಕೆ. ಬೂಸ್ಟ್ ಮುಳ್ಳು 0.3 ಬಾರ್ ತೋರಿಸುತ್ತಿದ್ದಾಗ ಹೊಗೆಯ ಮುಳ್ಳು 0.9ರ ಮೇಲಿತ್ತು. ಕ್ಯಾನಿಸ್ಟರ್ ತೆರೆಯಲು ಆರಂಭಿಸುವುದು 0.6 ಬಾರ್ ಬೂಸ್ಟಿಗೆ. ಹಗುರವಾದ ಪೆಡಲಿನಲ್ಲಿ ಬೂಸ್ಟ್ ಅಲ್ಲಿಗೆ ಮುಟ್ಟುವುದೇ ಇಲ್ಲವಾದ್ದರಿಂದ ವೇನ್‌ಗಳು ಪೂರ್ತಿ ಮುಚ್ಚಿಯೇ ಇರುತ್ತವೆ, ಎಂಜಿನ್ ತನ್ನ ಹೊಗೆಯನ್ನು ಇಕ್ಕಟ್ಟಿನಿಂದ ದಬ್ಬುತ್ತಲೇ ಇರುತ್ತದೆ. ಸ್ಪ್ರಿಂಗಿನ ಬಿಗಿ ಸಡಿಲಿಸಿದರೆ ಏರಿನ ಬೂಸ್ಟ್ ಹೋಗುತ್ತದೆ, ಬಿಗಿ ಮಾಡಿದರೆ ಮಟ್ಟಸದಲ್ಲಿ ಇನ್ನಷ್ಟು ಉಸಿರುಗಟ್ಟುತ್ತದೆ. ಕಡ್ಡಿಯ ನಟ್ಟನ್ನು ಅರ್ಧ ಸುತ್ತು ಅತ್ತ, ಅರ್ಧ ಸುತ್ತು ಇತ್ತ ತಿರುಗಿಸುತ್ತಾ ಕಳೆದ ಸಂಜೆಗಳೆಲ್ಲ ಒಂದೇ ಮಾತನ್ನು ಹೇಳಿದವು: ತಪ್ಪು ಸ್ಪ್ರಿಂಗಿನದಲ್ಲ, ಕ್ಯಾನಿಸ್ಟರಿಗೆ ಕೊಡುತ್ತಿರುವ ಒತ್ತಡವೇ ಬೇರೆಯದಾಗಬೇಕು. ಇಳಿಜಾರಿನಲ್ಲಿ ಪೆಡಲ್ ಬಿಟ್ಟಾಗಲಂತೂ ಇದೇ ಇಕ್ಕಟ್ಟು ಎಕ್ಸಾಸ್ಟ್ ಬ್ರೇಕಿನಂತೆ ಕೆಲಸ ಮಾಡುತ್ತದೆ. ಮಿತಿಯಲ್ಲಿದ್ದರೆ ಅದು ಉಪಕಾರ, ಮಿತಿ ಮೀರಿದರೆ ಎಕ್ಸಾಸ್ಟ್ ವಾಲ್ವುಗಳ ಸ್ಪ್ರಿಂಗಿಗೆ ಹಿಂಸೆ.

ಹಾಗಾಗಿ ಕ್ಯಾನಿಸ್ಟರನ್ನು ಹಾಗೆಯೇ ಉಳಿಸಿ, ಅದರ ಪೈಪನ್ನು ಬೂಸ್ಟಿನಿಂದ ಬಿಡಿಸಿ ಮ್ಯಾನಿಫೋಲ್ಡಿಗೆ ಜೋಡಿಸಿದೆ. ಎಂಜಿನ್ ಜೋರಾಗಿ ತಿರುಗಿದಂತೆ, ಬೂಸ್ಟ್ ಇರಲಿ ಬಿಡಲಿ, ಹೊಗೆಯ ಒತ್ತಡ ಏರುತ್ತದೆ. ಏರಿದೊಡನೆ ಅದೇ ಒತ್ತಡ ವೇನ್‌ಗಳನ್ನು ತೆರೆದು ತನ್ನನ್ನು ತಾನೇ ಇಳಿಸಿಕೊಳ್ಳುತ್ತದೆ. ಕಡ್ಡಿಯನ್ನು ಮತ್ತೆ ಹೊಂದಿಸಿದ ಮೇಲೆ ಅದೇ ಮಟ್ಟಸ ದಾರಿಯಲ್ಲಿ ಹೊಗೆಯ ಮುಳ್ಳು 0.5ರ ಆಸುಪಾಸಿಗೆ ಬಂದು ನಿಂತಿತು, ಏರಿನಲ್ಲಿ ಬೂಸ್ಟ್ ಮತ್ತು ಹೊಗೆಯ ಒತ್ತಡ ಹೆಚ್ಚೂಕಮ್ಮಿ ಜೊತೆಜೊತೆಯಾಗಿ ಏರತೊಡಗಿದವು.

ಬಿಸಿ ಹೊಗೆ ಡಯಾಫ್ರಾಮಿನ ರಬ್ಬರನ್ನು ಸುಡುವುದಿಲ್ಲವೇ ಎಂಬುದು ಎಲ್ಲರ ಮೊದಲ ಪ್ರಶ್ನೆ. ಫ್ರಿಜ್ ರಿಪೇರಿಯವರ ಬಳಿ ಸಿಗುವ ತಾಮ್ರದ ಕೊಳವೆಯನ್ನು ಒಂದೂವರೆ ಮೀಟರಿನಷ್ಟು ತೆಗೆದುಕೊಂಡು ಸುರುಳಿ ಸುತ್ತಿ, ಮ್ಯಾನಿಫೋಲ್ಡಿನಿಂದ ಮೇಲ್ಮುಖವಾಗಿಯೇ ಒಯ್ದಿದ್ದೇನೆ. ಕೊಳವೆಯ ತುದಿ ಮುಚ್ಚಿರುವುದರಿಂದ ಅದರೊಳಗೆ ಹೊಗೆ ಹರಿಯುವುದಿಲ್ಲ, ಒತ್ತಡ ಮಾತ್ರ ತಲುಪುತ್ತದೆ. ಒಳಗೆ ಸೇರುವ ನೀರು ಇಳಿದು ಹಿಂದಕ್ಕೇ ಹೋಗುತ್ತದೆ. ಏರು ಹತ್ತಿ ನಿಲ್ಲಿಸಿದ ಕೂಡಲೇ ಕ್ಯಾನಿಸ್ಟರಿನ ಮೇಲೆ ಕೈಯಿಟ್ಟರೆ ಬೆಚ್ಚಗಿರುತ್ತದೆಯೇ ಹೊರತು ಸುಡುವುದಿಲ್ಲ. ನಾಲ್ಕು ಸಿಲಿಂಡರುಗಳ ಮಿಡಿತಕ್ಕೆ ಕಡ್ಡಿ ನಡುಗದಂತೆ ನಡುವೆ ಹಳೆಯ ಸ್ಕೂಟರ್ ಕಾರ್ಬ್ಯುರೇಟರಿನ ಹಿತ್ತಾಳೆ ಜೆಟ್ ಒಂದನ್ನು ಸಿಕ್ಕಿಸಿದ್ದೇನೆ.

ದೋಷವಿಲ್ಲವೆಂದಲ್ಲ. ವ್ಯಾಕ್ಯೂಮ್ ಪದ್ಧತಿಯಲ್ಲಿ ಪೈಪು ಕಿತ್ತುಹೋದರೆ ವೇನ್‌ಗಳು ತೆರೆದುಕೊಂಡು ಜೀಪು ಸೋಮಾರಿಯಾಗುತ್ತದೆ, ಅಷ್ಟೆ. ಇಲ್ಲಿ ಜೆಟ್ಟಿಗೆ ಮಸಿ ಕಟ್ಟಿದರೆ ವೇನ್‌ಗಳು ಮುಚ್ಚಿಯೇ ಉಳಿದು ಒತ್ತಡ ಮಿತಿಮೀರುತ್ತದೆ. ಆದ್ದರಿಂದ ಆಯಿಲ್ ಬದಲಿಸುವಾಗಲೆಲ್ಲ ಜೆಟ್ ಬಿಚ್ಚಿ ತಂತಿ ಆಡಿಸುವುದು, ಹೊಗೆಯ ಮೀಟರನ್ನು ಬೇರೆಯದೇ ರಂಧ್ರಕ್ಕೆ ಜೋಡಿಸುವುದು ಕಡ್ಡಾಯ. ಒಂದೇ ಕೊಳವೆಯಿಂದ ಎರಡಕ್ಕೂ ಕೊಟ್ಟರೆ ಕೊಳವೆ ಕಟ್ಟಿದ ದಿನ ಮೀಟರೂ ಸುಳ್ಳು ಹೇಳುತ್ತದೆ.

ಖರ್ಚು ಕಂಟ್ರೋಲರಿನ ಬೆಲೆಯ ಹತ್ತನೇ ಒಂದು ಪಾಲೂ ಆಗಲಿಲ್ಲ. ಬ್ಯಾಟರಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡಿ ಕೆಲಸ ಮುಂದುವರಿಸುವ, ರಿಪೇರಿಗೆ ಊರಿನ ಮೇಸ್ತ್ರಿಯನ್ನೇ ನಂಬುವ ನನ್ನಂಥವರಿಗೆ ಇದೇ ಸರಿ. ಎಂಜಿನ್ನಿನಿಂದ ಕೊನೆಯ ಹನಿ ಶಕ್ತಿಯನ್ನೂ ತೆಗೆಯಬೇಕೆನ್ನುವವರು ಕಂಟ್ರೋಲರನ್ನೇ ಕೊಳ್ಳಲಿ, ಆದರೆ ಅವರೂ ಮೊದಲು ಹೊಗೆಯ ಒತ್ತಡಕ್ಕೊಂದು ಮೀಟರ್ ಹಾಕಿಕೊಳ್ಳಲಿ. ಬೂಸ್ಟ್ ಮೀಟರೊಂದನ್ನೇ ನೋಡಿಕೊಂಡು ವಿಜಿಟಿ ಹೊಂದಿಸಲು ಆಗುವುದಿಲ್ಲ.