ಲ್ಯಾಟಿನ್ ಪಾರ್ಟಿಸಿಪಲ್ ಆನ್‌ಲೈನ್ ಕ್ಲಾಸ್: 5ಕ್ಕೆ 4

ಆರು ವಾರದ ಕೋರ್ಸ್ ಮೊನ್ನೆ ಮುಗಿಯಿತು. ಪೂರ್ತಿ ಲ್ಯಾಟಿನ್ ಅಲ್ಲ, ಪಾರ್ಟಿಸಿಪಲ್ ಒಂದೇ. ನಮ್ಮ 'ಓಡುವ', 'ಓಡಿದ' ಥರದ ಪದಗಳು, ಶಾಲೆಯಲ್ಲಿ ಕೃದಂತ ಅಂತ ಓದಿದ್ದೀವಲ್ವಾ, ಅವೇ. ಅಷ್ಟಕ್ಕೆ ಆರು ವಾರ ಯಾಕೆ ಅನ್ನಿಸಿತ್ತು. ಈಗ ಹೇಳ್ತೀನಿ, ಬೇಕು.

ಮೊದಲ ದಿನವೇ ಮೇಡಂ 'ಪುಯೆರ್ ಕುರ್ರೇನ್ಸ್' ಅಂತ ಬರೆದರು. ಓಡುವ ಹುಡುಗ. ಇದನ್ನೇ 'ಓಡುವ ಹುಡುಗನಿಗೆ' ಅಂತ ಮಾಡಿ ಅಂದರು. ನಾನು 'ಪುಯೆರೋ ಕುರ್ರೇನ್ಸ್' ಅಂತ ಬರೆದೆ. ತಪ್ಪು, 'ಪುಯೆರೋ ಕುರ್ರೆಂತೀ' ಆಗಬೇಕು. ಕನ್ನಡದಲ್ಲಿ ಹುಡುಗನಿಗೆ, ಹುಡುಗನನ್ನು, ಹುಡುಗರಿಂದ ಅಂತ ಏನೇ ಬರಲಿ, ಮುಂಚೆ ಬಂದ 'ಓಡುವ' ಅಲ್ಲಾಡಲ್ಲ. ಲ್ಯಾಟಿನ್‌ನಲ್ಲಿ ನಾಮಪದದ ಲಿಂಗ, ವಚನ, ವಿಭಕ್ತಿ ಮೂರಕ್ಕೂ ಅದು ಹೊಂದಿಕೊಳ್ಳಬೇಕು.

ರೂಪ ಒಟ್ಟು ನಾಲ್ಕು. 'ಅಮಾನ್ಸ್' ಪ್ರೀತಿಸುವ, 'ಅಮಾತುಸ್' ಪ್ರೀತಿಸಲ್ಪಟ್ಟ, 'ಅಮಾತೂರುಸ್' ಇನ್ನು ಪ್ರೀತಿಸಲಿರುವ, 'ಅಮಂದುಸ್' ಪ್ರೀತಿಸಬೇಕಾದ. ಮೊದಲನೆಯದು ಮೂರನೇ ಡಿಕ್ಲೆನ್ಶನ್ (ಅಂದ್ರೆ ವಿಭಕ್ತಿ ಪ್ರತ್ಯಯ ಹತ್ತುವ ಮಾದರಿ), ಉಳಿದ ಮೂರು ಒಂದು ಮತ್ತು ಎರಡನೇದರ ಹಾಗೆ. ಮೀಟಿಂಗ್‌ನಲ್ಲಿ ನಾವು ಹೇಳುವ 'ಅಜೆಂಡಾ' ಈ ನಾಲ್ಕನೇ ರೂಪವೇ, ನಪುಂಸಕ ಬಹುವಚನ, ಅಂದ್ರೆ ಮಾಡಬೇಕಾದವು.

ನನಗೆ ತುಂಬಾ ಹಿಡಿಸಿದ್ದು ನಾಲ್ಕನೇ ವಾರ. 'ಹುಡುಗ ಬರೆದ ಪತ್ರ', 'ಪತ್ರ ಬರೆದ ಹುಡುಗ', ನಮಗೆ ಎರಡಕ್ಕೂ ಒಂದೇ 'ಬರೆದ' ಸಾಕು. ಲ್ಯಾಟಿನ್‌ನ 'ಸ್ಕ್ರೀಪ್ತುಸ್' ಬರೆಸಿಕೊಂಡ ಪತ್ರಕ್ಕೆ ಮಾತ್ರ, ಬರೆದ ಹುಡುಗನಿಗೆ ಹಾಕೋ ಹಾಗಿಲ್ಲ. ಡಿಪೋನೆಂಟ್, ಅಂದ್ರೆ ರೂಪ ಕರ್ಮಣಿಯಾದರೂ ಅರ್ಥ ಕರ್ತರಿಯಾಗಿರುವ ಕ್ರಿಯಾಪದ, ಬಿಟ್ಟರೆ ಉಳಿದವಕ್ಕೆ 'ಬರೆದ ಹುಡುಗ' ಅನ್ನೋ ಅರ್ಥದ ರೂಪವೇ ಇಲ್ಲ. ಹಾಗಾಗಿ ಬೇರೆ ದಾರಿ ಹಿಡಿಯುತ್ತಾರೆ: 'ಎಪಿಸ್ತುಲ ಸ್ಕ್ರೀಪ್ತ' ಅಂದ್ರೆ ಬರೆದ ಪತ್ರ, ಎರಡು ಪದದ ಕೊನೆಯನ್ನೂ ಎಳೆದು 'ಎಪಿಸ್ತುಲಾ ಸ್ಕ್ರೀಪ್ತಾ' ಅಂದ್ರೆ 'ಪತ್ರ ಬರೆದಾದ ಮೇಲೆ'. ಮಾಮೂಲಿ ಲ್ಯಾಟಿನ್ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತೆ, ನಮ್ಮ ಲಿಪಿಯಲ್ಲಿ ಬರೆದುಕೊಂಡರೆ ಹ್ರಸ್ವ, ದೀರ್ಘ ತಕ್ಷಣ ಗೊತ್ತಾಗುತ್ತೆ. ಅಂದಿನಿಂದ ನನ್ನ ನೋಟ್ಸೆಲ್ಲ ಕನ್ನಡ ಅಕ್ಷರದಲ್ಲೇ.

ಒಂದು ಸ್ಟಾರ್ ಕಳೆದದ್ದು ಐದನೇ ವಾರಕ್ಕೆ. 'ಸೋಲೆ ಒರಿಯೆಂತೆ', ಅಂದ್ರೆ ಸೂರ್ಯ ಹುಟ್ಟುವಾಗ, ಇದರಲ್ಲಿ ಕೊನೆಗೆ 'ಎ' ಬರುತ್ತೆ. ಅದೇ ವಿಭಕ್ತಿಯಲ್ಲಿ ಬರೀ ವಿಶೇಷಣವಾಗಿ ಬಳಸಿದರೆ ಸಾಮಾನ್ಯವಾಗಿ 'ಈ'. ಎಲ್ಲರೂ ಎಡವುವ ಜಾಗ ಇದು, ಅದಕ್ಕೆ ಕೊಟ್ಟಿದ್ದು ಹತ್ತೇ ನಿಮಿಷ. ಅಭ್ಯಾಸದ ವಾಕ್ಯ ಒಂದೂ ಇರಲಿಲ್ಲ.

ಮೊದಲ ಮೂರು ಡಿಕ್ಲೆನ್ಶನ್ ಬಾಯಿಗೆ ಬಂದಿದ್ದರೆ ಧಾರಾಳವಾಗಿ ಸೇರಿ. ಇಲ್ಲದಿದ್ದರೆ ಅದನ್ನು ಕಲಿತು ಮುಂದಿನ ಬ್ಯಾಚ್‌ಗೆ ಬನ್ನಿ.