ಪಾತ್ರಕ್ಕೆ ಒಪ್ಪದ ಮನುಷ್ಯ: ಆಲ್ಟ್‌ಮನ್‌ರ ‘ಬಫೆಲೊ ಬಿಲ್ ಅಂಡ್ ದಿ ಇಂಡಿಯನ್ಸ್’

ಸಿಟ್ಟಿಂಗ್ ಬುಲ್ ಬರುವ ದಿನ ಬಫೆಲೊ ಬಿಲ್‌ನ ‘ವೈಲ್ಡ್ ವೆಸ್ಟ್’ ಪ್ರದರ್ಶನದ ಇಡೀ ಕಂಪನಿ ಕಾದು ನಿಂತಿರುತ್ತದೆ. ಕುದುರೆಗಳ ಸಾಲಿನಲ್ಲಿ ಎತ್ತರದ, ಕಟ್ಟುಮಸ್ತಾದ ಒಬ್ಬ ಕಾಣಿಸಿದ್ದೇ ತಡ, ಎಲ್ಲರ ಕಣ್ಣೂ ಅವನ ಮೇಲೆ. ಆದರೆ ಅವನು ದುಭಾಷಿ ಹಾಲ್ಸಿ. ಅಮೆರಿಕದ ಸೈನ್ಯ ಸೋತ ಲಿಟಲ್ ಬಿಗ್‌ಹಾರ್ನ್ ಕಾಳಗದೊಂದಿಗೆ ಹೆಸರು ಬೆಸೆದುಹೋಗಿರುವ ಲಕೋಟ ಬುಡಕಟ್ಟಿನ ಮುಖಂಡ ಸಿಟ್ಟಿಂಗ್ ಬುಲ್ ಪಕ್ಕದಲ್ಲೇ ಇದ್ದಾನೆ: ಕುಳ್ಳ, ವಯಸ್ಸಾದವನು, ಬಾಯಿಬಿಡದವನು. ಈ ದೃಶ್ಯವನ್ನು ನೆನಪಿನಲ್ಲಿಟ್ಟುಕೊಳ್ಳಿ. ಸಿನಿಮಾದ ಕೀಲಿ ಇಲ್ಲೇ ಇದೆ.

ರಾಬರ್ಟ್ ಆಲ್ಟ್‌ಮನ್ 1976ರಲ್ಲಿ ತೆಗೆದ ಈ ಚಿತ್ರದ ಪೂರ್ತಿ ಹೆಸರು ‘ಬಫೆಲೊ ಬಿಲ್ ಅಂಡ್ ದಿ ಇಂಡಿಯನ್ಸ್, ಆರ್ ಸಿಟ್ಟಿಂಗ್ ಬುಲ್ಸ್ ಹಿಸ್ಟರಿ ಲೆಸನ್’. ಮೂಲ ಆರ್ಥರ್ ಕಾಪಿಟ್ ಅವರ ನಾಟಕ ‘ಇಂಡಿಯನ್ಸ್’. ಚಿತ್ರಕಥೆ ಆಲ್ಟ್‌ಮನ್ ಮತ್ತು ಆಲನ್ ರುಡಾಲ್ಫ್ ಅವರದು. ಕೆನಡಾದ ಆಲ್ಬರ್ಟಾದಲ್ಲಿ, ಸ್ಟೋನಿ ಎಂಬ ಮೂಲನಿವಾಸಿ ಜನರ ಮೀಸಲು ನೆಲದಲ್ಲಿ ಚಿತ್ರೀಕರಣವಾಯಿತು. ಅಮೆರಿಕ ತನ್ನ ಇನ್ನೂರನೇ ವರ್ಷದ ಹಬ್ಬ ಮಾಡುತ್ತಿದ್ದ ಬೇಸಿಗೆಯಲ್ಲೇ ತೆರೆಗೆ ಬಂತು. ಬಫೆಲೊ ಬಿಲ್ ಕೋಡಿಯಾಗಿ ಪಾಲ್ ನ್ಯೂಮನ್ ಕುದುರೆ ಏರಿದ್ದಾರೆಂದು ನಂಬಿ ಬಂದವರಿಗೆ ಸಿಕ್ಕಿದ್ದು ಟೋಪನ್ ಹಾಕಿಕೊಂಡು, ವಿಸ್ಕಿ ಹೀರುತ್ತ, ಬಿಡಾರ ಬಿಟ್ಟು ಕದಲದ ನಾಯಕ. ಚಿತ್ರ ಓಡಲಿಲ್ಲ. ನ್ಯೂಮನ್ ಅವರ ಅತ್ಯುತ್ತಮ ಅಭಿನಯಗಳಲ್ಲೊಂದು ಹೀಗೆ ಮೂಲೆಗೆ ಬಿತ್ತು.

ಮೊದಲ ಸಲ ನೋಡುವವರು ಎಡವುವುದು ಆರಂಭದಲ್ಲೇ. ವಲಸಿಗರ ಮನೆಯ ಮೇಲೆ ದಾಳಿ ನಡೆಯುತ್ತದೆ. ಕ್ಯಾಮೆರಾ ಸರಿದಾಗ ಅದು ತಾಲೀಮು ಎಂದು ತಿಳಿಯುತ್ತದೆ. ಕುದುರೆಯಡಿ ಬಿದ್ದವನಿಗೆ ಮಾತ್ರ ಪೆಟ್ಟು ನಿಜವಾಗಿಯೇ ಬಿದ್ದಿರುತ್ತದೆ. ಶೀರ್ಷಿಕೆಗಳಲ್ಲಿ ಪಾತ್ರಗಳಿಗೆ ಹೆಸರೇ ಇಲ್ಲ, ಹುದ್ದೆಗಳಿವೆ: ತಾರೆ, ನಿರ್ಮಾಪಕ, ಪ್ರಚಾರಕ, ದಂತಕಥೆ ಕಟ್ಟುವವನು. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡತೊಡಗುತ್ತಾರೆ. ಇದು ಧ್ವನಿಮುದ್ರಣದ ದೋಷವಲ್ಲ. ಆಲ್ಟ್‌ಮನ್ ಅವರ ತಂಡ ಆ ಹೊತ್ತಿಗೆ ಎಂಟು ಟ್ರ್ಯಾಕ್‌ಗಳ ಮುದ್ರಣ ವಿಧಾನವನ್ನು ರೂಢಿಸಿಕೊಂಡಿತ್ತು. ನಟರಿಗೆ ಬೇರೆಬೇರೆ ಮೈಕ್ ಕಟ್ಟಿ, ಯಾವ ಮಾತು ಮೇಲೇಳಬೇಕು, ಯಾವುದು ಗುಜುಗುಜಿನಲ್ಲಿ ಕರಗಬೇಕು ಎಂಬುದನ್ನು ಮಿಶ್ರಣದಲ್ಲಿ ನಿರ್ಧರಿಸುತ್ತಿದ್ದರು. ಟಿವಿಯ ಸಣ್ಣ ಸ್ಪೀಕರ್‌ನಲ್ಲಿ ಈ ಪದರಗಳೆಲ್ಲ ಒಂದೇ ಗದ್ದಲವಾಗುತ್ತವೆ. ಹೆಡ್‌ಫೋನ್ ಹಾಕಿ, ಸಬ್‌ಟೈಟಲ್ ಇಟ್ಟುಕೊಳ್ಳಿ. ಮೊದಲ ಇಪ್ಪತ್ತು ನಿಮಿಷ ಎಲ್ಲ ಮಾತನ್ನೂ ಹಿಡಿಯಲು ಹೋಗದೆ ಮೂವರನ್ನು ಗುರುತಿಟ್ಟರೆ ಸಾಕು: ಲೆಕ್ಕಾಚಾರದ ನಿರ್ಮಾಪಕ ಸಾಲ್ಸ್‌ಬರಿ (ಜೋಯಲ್ ಗ್ರೇ), ಗುರಿಗಾರ್ತಿ ಆನಿ ಓಕ್ಲಿ (ಜೆರಾಲ್ಡಿನ್ ಚಾಪ್ಲಿನ್), ದುಭಾಷಿ ಹಾಲ್ಸಿ (ವಿಲ್ ಸ್ಯಾಂಪ್ಸನ್).

ವಿಡಂಬನೆ ಮೊನೆಗೊಳ್ಳುವುದು ವೇಷ ಮತ್ತು ಕರಾರಿನ ಮಾತುಕತೆಯಲ್ಲಿ. ಸಿಟ್ಟಿಂಗ್ ಬುಲ್‌ನನ್ನು ಹೇಡಿಯಾಗಿಸಿ, ಲಿಟಲ್ ಬಿಗ್‌ಹಾರ್ನ್‌ನಲ್ಲಿ ಸತ್ತ ಸೇನಾಧಿಕಾರಿ ಕಸ್ಟರ್‌ನ ಸಾವಿನ ದೃಶ್ಯ ಆಡಿಸಬೇಕೆಂಬುದು ಕಂಪನಿಯ ಆಸೆ. ಹಾಲ್ಸಿ ಬದಲಿಗೆ ಇನ್ನೊಂದು ದೃಶ್ಯ ಮುಂದಿಡುತ್ತಾನೆ: ಸೈನಿಕರು ಹಳ್ಳಿಗೆ ನುಗ್ಗಿ ಹೆಂಗಸರು, ಮಕ್ಕಳು, ನಾಯಿಗಳನ್ನೂ ಬಿಡದೆ ಕೊಂದದ್ದು. ಕೋಡಿ ಸಿಟ್ಟಾಗಿ ಮುಖಂಡನನ್ನು ಕೆಲಸದಿಂದ ತೆಗೆಯುತ್ತಾನೆ. ಆನಿ ಓಕ್ಲಿ ತಾನೂ ಹೊರಡುತ್ತೇನೆ ಎಂದಾಗ ವಾಪಸ್ ಕರೆಸಿಕೊಳ್ಳುತ್ತಾನೆ. ಮುಂದೊಮ್ಮೆ ಬಿಡಾರದಿಂದ ಹೋದ ಸಿಟ್ಟಿಂಗ್ ಬುಲ್ ಮತ್ತು ಸಂಗಡಿಗರ ಜಾಡು ಹಿಡಿದು ಹೊರಡುವ ಮೊದಲು ತನ್ನ ‘ನಿಜವಾದ’ ಜಾಕೆಟ್ ಎಲ್ಲಿ ಎಂದು ತಡಕಾಡುತ್ತಾನೆ. ಆಟದ ಜಾಕೆಟ್‌ಗಳೇ ತುಂಬಿದ ಬಿಡಾರದಲ್ಲಿ ಆ ಹುಡುಕಾಟ ನೋಡಿದರೆ ಅಯ್ಯೋ ಅನ್ನಿಸುತ್ತದೆ.

ಇತಿಹಾಸದ ಪಾಠವೆಂದು ಇದನ್ನು ನಂಬಬೇಡಿ. ಸಿಟ್ಟಿಂಗ್ ಬುಲ್ 1885ರಲ್ಲಿ ನಾಲ್ಕು ತಿಂಗಳ ಮಟ್ಟಿಗೆ ಪ್ರದರ್ಶನದಲ್ಲಿದ್ದದ್ದು ನಿಜ. ವಾರಕ್ಕೆ 50 ಡಾಲರ್, ಜೊತೆಗೆ ತನ್ನ ಫೋಟೊ ಮತ್ತು ಹಸ್ತಾಕ್ಷರ ಮಾರುವ ಹಕ್ಕು ಕರಾರಿನಲ್ಲಿತ್ತು. ಆದರೆ ಚಿತ್ರದಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡ್ ಹೊಸ ಹೆಂಡತಿಯೊಂದಿಗೆ ಬರುತ್ತಾರೆ. ಅವರ ಮದುವೆಯಾದದ್ದು 1886ರ ಜೂನ್‌ನಲ್ಲಿ. 1890ರ ಡಿಸೆಂಬರ್ 15ರಂದು ನಡೆದ ಮುಖಂಡನ ಹತ್ಯೆಯೂ ಇಲ್ಲಿ ಹತ್ತಿರ ಸರಿದಿದೆ. ಈ ಹೊಂದಿಸುವಿಕೆಯಿಂದ ಚಿತ್ರಕ್ಕೆ ಲಾಭವೇ ಆಗಿದೆ: ಅಧ್ಯಕ್ಷರು ಬರುವ ಕನಸು ಕಂಡೇ ಕಂಪನಿ ಸೇರಿದ ಮನುಷ್ಯನ ಕೋರಿಕೆಯನ್ನು ಅಧ್ಯಕ್ಷರು ಕೇಳಿಸಿಕೊಳ್ಳುವ ಮೊದಲೇ ತಳ್ಳಿಹಾಕುತ್ತಾರೆ. ಅಲ್ಲಿ ಸಿಟ್ಟಿಂಗ್ ಬುಲ್ ಆಗಿರುವ ಫ್ರಾಂಕ್ ಕಕ್ವಿಟ್ಸ್ ಅವರ ಮುಖವನ್ನು ನೋಡಿ. ಒಂದು ಮಾತೂ ಇಲ್ಲ.

ಕೊನೆ ಗೊತ್ತಾಗಬಾರದೆನ್ನುವವರು ಈ ಪ್ಯಾರಾ ಬಿಟ್ಟುಬಿಡಿ. ಸಿಟ್ಟಿಂಗ್ ಬುಲ್ ಸತ್ತ ಮೇಲೆ ಅಖಾಡದಲ್ಲಿ ಅವನ ವೇಷ ಕಟ್ಟುವವನು ಹಾಲ್ಸಿ. ಮೊದಲ ದಿನ ಯಾರನ್ನು ಸಿಟ್ಟಿಂಗ್ ಬುಲ್ ಎಂದುಕೊಂಡಿದ್ದರೋ, ಅವನೇ ಈಗ ಆ ಪಾತ್ರ. ಕೋಡಿ ಅವನನ್ನು ‘ಸೋಲಿಸುತ್ತಾನೆ’, ಜನ ಕೂಗುತ್ತಾರೆ, ಕ್ಯಾಮೆರಾ ನ್ಯೂಮನ್‌ರ ಕಣ್ಣಿಗೆ ಹತ್ತಿರವಾಗುತ್ತದೆ. ಇದರ ಹಿಂದೆ ಒಂದು ನಿಜ ಘಟನೆ ಇದೆ. 1876ರ ಜುಲೈ 17ರಂದು ವಾರ್‌ಬಾನೆಟ್ ಹಳ್ಳದ ಬಳಿ ಕೋಡಿ ಯೆಲ್ಲೊ ಹೇರ್ ಎಂಬ ಶಯೆನ್ ಬುಡಕಟ್ಟಿನ ಯೋಧನನ್ನು ಕೊಂದಾಗ ಮೈಮೇಲಿದ್ದದ್ದು ರಂಗದ ಉಡುಪು. ಕೆಲವೇ ತಿಂಗಳಲ್ಲಿ ಆ ಕಾಳಗ ನಾಟಕವಾಗಿ ರಂಗ ಏರಿತು. ಅದು ಗೊತ್ತಿದ್ದು ನೋಡಿದರೆ ಕೊನೆಯ ದೃಶ್ಯ ಉತ್ಪ್ರೇಕ್ಷೆ ಅನ್ನಿಸುವುದೇ ಇಲ್ಲ.

ಕೊರತೆಗಳೂ ಇವೆ. ಕೋಡಿಯ ದಂತಕಥೆ ಕಟ್ಟಿದ ಬರಹಗಾರ ನೆಡ್ ಬಂಟ್‌ಲೈನ್ ಆಗಿ ಬರ್ಟ್ ಲ್ಯಾಂಕಾಸ್ಟರ್ ಬಾರಿನಲ್ಲಿ ಕೂತು ಹೇಳುವುದರಲ್ಲಿ ಮುಕ್ಕಾಲು ಪಾಲು ನಾವು ಆಗಲೇ ಕಂಡದ್ದು. ಒಪೆರಾ ಗಾಯಕಿಯರ ಪ್ರಸಂಗ ಒಂದು ಸಲ ಸಾಕಿತ್ತು. ರಾತ್ರಿ ಕೋಡಿ ಸತ್ತವನೊಂದಿಗೆ ಆಡುವ ಮಾತು ನಾಟಕದ ವಾಸನೆ ಬಿಟ್ಟಿಲ್ಲ. ಆದರೂ ನ್ಯೂಮನ್ ಅದನ್ನು ಅಂಜಿದವನ ಬಡಬಡಿಕೆಯಾಗಿಸಿ ಉಳಿಸಿಕೊಂಡಿದ್ದಾರೆ.

ಪ್ರತಿ ಆರಿಸುವಾಗ ಎಚ್ಚರ ಬೇಕು. ನಿರ್ಮಾಪಕ ಡಿನೊ ಡಿ ಲಾರೆಂಟಿಸ್ ಕತ್ತರಿಸಿದ ಆವೃತ್ತಿಯೂ ಇತ್ತು; ಬರ್ಲಿನ್ ಉತ್ಸವದ ‘ಗೋಲ್ಡನ್ ಬೇರ್’ ಪ್ರಶಸ್ತಿಯನ್ನು ಆಲ್ಟ್‌ಮನ್ ನಿರಾಕರಿಸಿದ್ದು ಆ ಕತ್ತರಿಯ ಕಾರಣಕ್ಕೆ. ಪೂರ್ತಿ ಚಿತ್ರ 123 ನಿಮಿಷ. ಯುರೋಪಿನ ಹಳೆಯ ಡಿವಿಡಿಗಳಲ್ಲಿ 118 ಎಂದಿದ್ದರೆ ಅಡ್ಡಿಯಿಲ್ಲ. ಸೆಕೆಂಡಿಗೆ 24 ಫ್ರೇಮಿನ ಚಿತ್ರ 25ರ ವೇಗದಲ್ಲಿ ಓಡುವುದರಿಂದ ಆದ ವ್ಯತ್ಯಾಸ ಅದು. ಇನ್ನು ಪರದೆಯ ಅಳತೆ: ಇದು ಪ್ಯಾನಾವಿಷನ್ ಅಗಲದ ಚಿತ್ರ. ಹಳೆಯ ಟಿವಿಗಾಗಿ 4:3ಕ್ಕೆ ಕತ್ತರಿಸಿದ ಪ್ರತಿಯಲ್ಲಿ ಚಿತ್ರದ ಶೇ. 40ಕ್ಕೂ ಹೆಚ್ಚು ಭಾಗ ಹೊರಗುಳಿಯುತ್ತದೆ. ಸಿಟ್ಟಿಂಗ್ ಬುಲ್ ಸಾಮಾನ್ಯವಾಗಿ ನಿಲ್ಲುವುದು ಗುಂಪಿನ ಅಂಚಿನಲ್ಲಿ. ಅಂಥ ಪ್ರತಿಯಲ್ಲಿ ಮೊದಲು ಮಾಯವಾಗುವವನು ಅವನೇ.