ಕೊನೆಯ ದಿನಾಂಕವನ್ನು ನಂಬಿ ಒಂದು ವರ್ಷ ಕಳೆದುಕೊಂಡೆ: ಅಮೆರಿಕದಲ್ಲಿ ಆಪ್ಟೊಮೆಟ್ರಿ ಓದಬಯಸುವವರಿಗೆ ಎಚ್ಚರಿಕೆ

ಅಮೆರಿಕದಲ್ಲಿ ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕ ಸೂಚಿಸುವ ವಿದ್ಯೆ, ಓದಬೇಕೆಂದಿರುವ ಕನ್ನಡಿಗರು, ಅದರಲ್ಲೂ ನಮ್ಮಲ್ಲಿ ಅದೇ ವಿಷಯದ ಬಿ.ಆಪ್ಟಮ್ ಪದವಿ ಮುಗಿಸಿ ಸಂಗಾತಿಯ ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದಿರುವವರು, ಕಾಲೇಜುಗಳು ಪ್ರಕಟಿಸುವ ಕೊನೆಯ ದಿನಾಂಕವನ್ನು ನಂಬಿ ಕೂರಬಾರದೆಂದು ತಿಳಿಸಲು ಇದನ್ನು ಬರೆಯುತ್ತಿದ್ದೇನೆ. ನಾನು ಹಾಗೆ ನಂಬಿ ಇಡೀ ಒಂದು ವರ್ಷವನ್ನೂ ಆರು ಕಾಲೇಜುಗಳಿಗೆ ಕಟ್ಟಿದ ಅರ್ಜಿ ಶುಲ್ಕವನ್ನೂ ಕಳೆದುಕೊಂಡೆ.

ನಾನು ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಸೇರಿ ನಾಲ್ಕು ವರ್ಷದ ಬಿ.ಆಪ್ಟಮ್ ಓದಿ, ಕಣ್ಣಿನ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ಕೆಲಸ ಮಾಡಿದವಳು. ಮದುವೆಯ ನಂತರ, ಇಲ್ಲಿ ಉದ್ಯೋಗದಲ್ಲಿರುವವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದಾಗ, ಆ ಪದವಿಯ ಬಲದ ಮೇಲೆ ಇಲ್ಲಿ ರೋಗಿಯ ಕಣ್ಣು ಪರೀಕ್ಷಿಸಲು ಪರವಾನಗಿ ಸಿಗುವುದಿಲ್ಲ, ಅದಕ್ಕೆ ಡಾಕ್ಟರ್ ಆಫ್ ಆಪ್ಟೊಮೆಟ್ರಿ ಎಂಬ ನಾಲ್ಕು ವರ್ಷದ ಪದವಿ ಮತ್ತು ರಾಷ್ಟ್ರೀಯ ಮಂಡಳಿಯ ಪರೀಕ್ಷೆಗಳು ಬೇಕು ಎಂಬುದು ತಿಳಿಯಿತು. ವಿದೇಶದಲ್ಲಿ ಓದಿದವರಿಗಾಗಿ ಅವಧಿ ಕಡಿಮೆ ಮಾಡಿದ ಕೋರ್ಸುಗಳು ಕೆಲವೆಡೆ ಇವೆಯಾದರೂ ಅವುಗಳಲ್ಲಿ ಸೀಟುಗಳು ತೀರ ಕಡಿಮೆ; ಹಾಗಾಗಿ ನಾನು ನಾಲ್ಕು ವರ್ಷದ ದಾರಿಯನ್ನೇ ಹಿಡಿದೆ. ನಮ್ಮ ಪಿಯುಸಿಯ ರಸಾಯನಶಾಸ್ತ್ರ ಲೆಕ್ಕಕ್ಕೆ ಬಾರದ ಕಾರಣ ಸಾವಯವ ರಸಾಯನಶಾಸ್ತ್ರವನ್ನೂ ಸಂಖ್ಯಾಶಾಸ್ತ್ರವನ್ನೂ ಮನೆಯ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಿದೆ. ಇಷ್ಟೆಲ್ಲ ಶ್ರಮಪಟ್ಟವಳು ಎಡವಿದ್ದು ಓದಿನಲ್ಲಿ ಅಲ್ಲ, ತಿಂಗಳುಗಳ ಲೆಕ್ಕದಲ್ಲಿ.

ಆ ತಪ್ಪು ತಿಳಿವಳಿಕೆಯ ಮೂಲ ನಾವು ಬೆಳೆದ ಸಿಇಟಿ ಪದ್ಧತಿಯಲ್ಲಿದೆ. ಅಲ್ಲಿ ಮೊದಲ ದಿನವೇ ಅರ್ಜಿ ತುಂಬಿದವರಿಗೂ ಕೊನೆಯ ದಿನ ಸಂಜೆ ಸೈಬರ್ ಕೆಫೆಯಲ್ಲಿ ಸರದಿ ಕಾದು ತುಂಬಿದವರಿಗೂ ಯಾವ ವ್ಯತ್ಯಾಸವೂ ಇಲ್ಲ. ಎಲ್ಲರೂ ಒಟ್ಟಿಗೆ ಪರೀಕ್ಷೆ ಬರೆಯುತ್ತಾರೆ, ರ‍್ಯಾಂಕ್ ಪ್ರಕಟವಾಗುತ್ತದೆ, ರ‍್ಯಾಂಕಿನ ಕ್ರಮದಲ್ಲಿ ಸೀಟು ಹಂಚಿಕೆಯಾಗುತ್ತದೆ. ಇಲ್ಲಿ ಎಂ.ಎಸ್. ಓದಲು ಬಂದ ಗೆಳೆಯರ ಅನುಭವವೂ ನನ್ನನ್ನು ದಾರಿ ತಪ್ಪಿಸಿತು. ಅವರು ಅರ್ಜಿ ಹಾಕಿದ ಹಲವು ವಿಭಾಗಗಳು ಡಿಸೆಂಬರ್ ಅಥವಾ ಜನವರಿಯ ಗಡುವು ಮುಗಿದ ಮೇಲೆಯೇ ಎಲ್ಲ ಅರ್ಜಿಗಳನ್ನು ಒಟ್ಟಿಗೆ ಓದಲು ತೊಡಗಿದ್ದವು. ನಾನು ಶುಲ್ಕ ಕೊಟ್ಟು ಸಲಹೆ ಕೇಳಿದ ಬೆಂಗಳೂರಿನ ಶಿಕ್ಷಣ ಸಲಹೆಗಾರರು ಸಹ ಅದೇ ಅಳತೆಗೋಲನ್ನು ಹಿಡಿದು, ಜನವರಿಯವರೆಗೆ ಸಮಯವಿದೆ, ಅವಸರಪಟ್ಟು ಅರ್ಜಿಯನ್ನು ಕೆಡಿಸಿಕೊಳ್ಳಬೇಡಿ ಎಂದರು.

ಆದರೆ ಆಪ್ಟೊಮೆಟ್ರಿ ಕಾಲೇಜುಗಳಲ್ಲಿ ಬಹುಪಾಲು ಅನುಸರಿಸುವುದು ರೋಲಿಂಗ್ ಅಡ್ಮಿಷನ್ ಪದ್ಧತಿಯನ್ನು. ಆಪ್ಟಮ್‌ಕ್ಯಾಸ್ ಎಂಬ ಕೇಂದ್ರೀಕೃತ ಅರ್ಜಿ ವ್ಯವಸ್ಥೆಯು ಬೇಸಿಗೆಯಲ್ಲಿ, ಹೆಚ್ಚುಕಡಿಮೆ ಜುಲೈ ಆರಂಭದ ಹೊತ್ತಿಗೆ, ಮುಂದಿನ ವರ್ಷದ ಆಗಸ್ಟ್ ತರಗತಿಗೆ ತೆರೆದುಕೊಳ್ಳುತ್ತದೆ. ಅರ್ಜಿಗಳು ಪೂರ್ಣಗೊಂಡಂತೆಲ್ಲ ಕಾಲೇಜುಗಳು ಅವನ್ನು ಓದುತ್ತವೆ, ಶರತ್ಕಾಲದಲ್ಲೇ ಸಂದರ್ಶನ ನಡೆಸುತ್ತವೆ, ಒಪ್ಪಿಗೆಯಾದವರಿಗೆ ಆಗಿಂದಾಗ್ಗೆ ಸೀಟು ಕೊಡುತ್ತ ಹೋಗುತ್ತವೆ. ಕೊನೆಯ ದಿನಾಂಕ ಎಂಬುದು ಅಳಿದುಳಿದ ಸೀಟುಗಳಿಗೆ ಅರ್ಜಿ ಪಡೆಯುವುದನ್ನು ನಿಲ್ಲಿಸುವ ದಿನವೇ ಹೊರತು ಆಯ್ಕೆ ಆರಂಭವಾಗುವ ದಿನವಲ್ಲ. ಸೆಪ್ಟೆಂಬರ್‌ನಲ್ಲಿ ಇಡೀ ತರಗತಿ ಖಾಲಿ ಇರುವಾಗ ಸಂದರ್ಶನಕ್ಕೆ ಅರ್ಹವೆನಿಸುವ ಅಂಕಗಳು, ಹತ್ತಾರು ಮಂದಿ ಕೆಲವೇ ಸೀಟುಗಳಿಗೆ ಕಾದಿರುವ ಮಾರ್ಚ್‌ನಲ್ಲಿ ಸಾಲದೆ ಹೋಗುತ್ತವೆ.

ನಾನು 2022ರ ಸೆಪ್ಟೆಂಬರ್‌ನಲ್ಲಿ ಅರ್ಜಿಯ ಖಾತೆ ತೆರೆದೆ. ಸ್ವಪರಿಚಯದ ಪ್ರಬಂಧವನ್ನು ಬರೆದು, ಅಳಿಸಿ, ಮತ್ತೆ ಬರೆಯುವುದರಲ್ಲಿ ಆರು ವಾರ ಕಳೆದೆ. ಆ ಆರು ವಾರಗಳಲ್ಲಿ ಬೆಂಗಳೂರಿಗೆ ಒಂದು ಪತ್ರವನ್ನೂ ಬರೆಯಲಿಲ್ಲ. ವಿದೇಶದ ಪದವಿಯನ್ನು ವಿಷಯವಾರು ಮೌಲ್ಯಮಾಪನ ಮಾಡಿಸಬೇಕು, ಅದಕ್ಕೆ ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷಗಳ ಅಂಕಗಳ ಅಧಿಕೃತ ದಾಖಲೆ, ವಿಶ್ವವಿದ್ಯಾಲಯದಿಂದಲೇ ಮೊಹರು ಮಾಡಿದ ಲಕೋಟೆಯಲ್ಲಿ ಬರಬೇಕು ಎಂಬುದನ್ನು ಗಮನಿಸಿದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ದಸರಾ ರಜೆ, ಅದರ ಬೆನ್ನಿಗೆ ದೀಪಾವಳಿ. ನನ್ನ ಪರವಾಗಿ ನನ್ನ ಅಣ್ಣ ಕೆಲಸಕ್ಕೆ ರಜೆ ಹಾಕಿ ಮೂರು ಬಾರಿ ಕಚೇರಿಗೆ ಹೋಗಿಬಂದರು: ಒಮ್ಮೆ ಅಧಿಕಾರ ಪತ್ರ ಸಾಲದು ಎಂದರು, ಒಮ್ಮೆ ಎರಡನೆಯ ವರ್ಷದ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಇನಿಷಿಯಲ್ ಬೇರೆಯಾಗಿದೆ ಎಂದರು, ಇನ್ನೊಮ್ಮೆ ಸಹಿ ಮಾಡಬೇಕಾದವರು ಇರಲಿಲ್ಲ. ಲಕೋಟೆ ಬೆಂಗಳೂರು ಬಿಟ್ಟದ್ದು ಡಿಸೆಂಬರ್‌ನಲ್ಲಿ; ಮೌಲ್ಯಮಾಪನದ ವರದಿ ನನ್ನ ಕೈಸೇರಿದ್ದು ಜನವರಿಯ ಮಧ್ಯದಲ್ಲಿ.

ಪ್ರವೇಶ ಪರೀಕ್ಷೆಯಲ್ಲೂ ಇದೇ ರೀತಿಯ ವಿಳಂಬವಾಯಿತು. ಓಎಟಿ ಎಂಬ ಆ ಪರೀಕ್ಷೆಯಲ್ಲಿ ಜೀವಶಾಸ್ತ್ರ, ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಓದಿ ಅರ್ಥೈಸುವಿಕೆ ಇರುತ್ತವೆ. ಅಂಕಗಳು 200ರಿಂದ 400ರವರೆಗೆ. ವರ್ಷವಿಡೀ ಬರೆಯಬಹುದಾದ ಪರೀಕ್ಷೆಯೆಂಬ ಧೈರ್ಯದಿಂದ ನಾನು ನವೆಂಬರ್‌ನ ಮೊದಲ ವಾರದಲ್ಲಿ ಬರೆದೆ. ದೃಗ್ವಿಜ್ಞಾನ ಓದಿದವಳಿಗೆ ಭೌತಶಾಸ್ತ್ರದ ಭಯವೇನು ಎಂದುಕೊಂಡಿದ್ದೆ. ಆದರೆ ಬೆಳಕಿನ ಪ್ರಶ್ನೆಗಳು ಅದರ ಒಂದು ಭಾಗ ಮಾತ್ರ, ಉಳಿದದ್ದೆಲ್ಲ ನಾನು ಪಿಯುಸಿಯ ನಂತರ ಮುಟ್ಟದ ಚಲನಶಾಸ್ತ್ರ ಮತ್ತು ವಿದ್ಯುತ್ತು. ಭೌತಶಾಸ್ತ್ರದಲ್ಲಿ 270 ಮಾತ್ರ ಬಂತು. ಮತ್ತೆ ಬರೆಯಲು ಕಡ್ಡಾಯವಾಗಿ ಬಿಡಬೇಕಾದ ಅಂತರ ಕಳೆದು, ಪರೀಕ್ಷಾ ಕೇಂದ್ರದಲ್ಲಿ ದಿನ ಸಿಕ್ಕಿದ್ದು ಫೆಬ್ರವರಿಯಲ್ಲಿ. ಜುಲೈನಲ್ಲಿ ಬರೆದು ಎಡವಿದ್ದರೆ ಅಕ್ಟೋಬರ್‌ನಲ್ಲಿ ತಿದ್ದಿಕೊಳ್ಳಬಹುದಿತ್ತು.

ಜನವರಿ 20ರಂದು ಅರ್ಜಿ ಸಲ್ಲಿಸಿದೆ. ಸಲ್ಲಿಸಿದ ಮೇಲೆ ದಾಖಲೆಗಳ ಪರಿಶೀಲನೆಗೆ ವಾರಗಟ್ಟಲೆ ಹಿಡಿಯುತ್ತದೆಂಬುದೂ, ಅಂಕ ಮತ್ತು ಶಿಫಾರಸು ಪತ್ರಗಳು ತಲುಪಿ ಕಡತ ಪೂರ್ಣವಾಗುವವರೆಗೆ ಹಲವು ಕಾಲೇಜುಗಳು ಅದನ್ನು ಕೈಗೆತ್ತಿಕೊಳ್ಳುವುದಿಲ್ಲವೆಂಬುದೂ ಆಗ ಅರಿವಾಯಿತು. ನಾನು ವಾರಕ್ಕೊಮ್ಮೆ ಒಬ್ಬ ಆಪ್ಟೊಮೆಟ್ರಿಸ್ಟರ ಜೊತೆಗಿದ್ದು ಅವರ ಕೆಲಸ ನೋಡಲು ಹೋಗುತ್ತಿದ್ದೆ. ಅವರಿಗೆ ಶಿಫಾರಸು ಪತ್ರ ಕೇಳಿದ್ದು ಕ್ರಿಸ್‌ಮಸ್ ಸಮಯದಲ್ಲಿ, ಅವರು ಕಳುಹಿಸಿದ್ದು ಫೆಬ್ರವರಿಯಲ್ಲಿ. ಕಡತ ಪೂರ್ಣವಾದದ್ದು ಮಾರ್ಚ್ ಮೊದಲ ವಾರ. ಆರರಲ್ಲಿ ಯಾವುದರ ಕೊನೆಯ ದಿನಾಂಕವೂ ಆಗ ಮುಗಿದಿರಲಿಲ್ಲ.

ಎರಡು ಕಾಲೇಜುಗಳು ಈ ಸಾಲಿನ ಸಂದರ್ಶನಗಳು ಮುಗಿದಿವೆ ಎಂದು ಬರೆದವು. ಮೂರು ಕಾಲೇಜುಗಳಿಂದ ಮೇ ತಿಂಗಳವರೆಗೂ ಸದ್ದಿಲ್ಲ, ಆಮೇಲೆ ವಿಷಾದದ ಎರಡು ಸಾಲು. ಆರನೆಯದು ಏಪ್ರಿಲ್‌ನಲ್ಲಿ ಸಂದರ್ಶನ ಮಾಡಿ ವೇಯ್ಟ್‌ಲಿಸ್ಟಿನಲ್ಲಿ ಇಟ್ಟಿತು. ಬೇರೆ ರಾಜ್ಯದ ಆ ಊರಿಗೆ ಹೋಗಬೇಕಾಗಬಹುದೆಂದು ಮನೆಯ ಬಾಡಿಗೆ ಕರಾರನ್ನು ನವೀಕರಿಸದೆ, ತಿಂಗಳಿಂದ ತಿಂಗಳಿಗೆ ಹೆಚ್ಚು ಬಾಡಿಗೆ ತೆತ್ತು ಆಗಸ್ಟ್‌ವರೆಗೆ ಕಾದೆವು. ಕರೆ ಬರಲಿಲ್ಲ. ಆ ಕಾಲೇಜಿನ ಪ್ರವೇಶಾಧಿಕಾರಿಗೆ ದೂರವಾಣಿ ಮಾಡಿ ನನ್ನ ಕೊರತೆ ಏನೆಂದು ಕೇಳಿದಾಗ ಅವರು ಸೌಜನ್ಯದಿಂದಲೇ, ಇದೇ ಕಡತ ಸೆಪ್ಟೆಂಬರ್‌ನಲ್ಲಿ ಬಂದಿದ್ದರೆ ನಾವು ಇಷ್ಟು ಯೋಚಿಸುತ್ತಿರಲಿಲ್ಲ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆದ್ದರಿಂದ ದಯವಿಟ್ಟು ಕೆಲಸವನ್ನು ತುದಿಯಿಂದಲ್ಲ, ಬುಡದಿಂದ ಆರಂಭಿಸಿರಿ. ಭಾರತದಿಂದ ಬರಬೇಕಾದ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ತೆರೆಯುವ ಆರು ತಿಂಗಳ ಮೊದಲೇ, ಅಂದರೆ ಸಂಕ್ರಾಂತಿಯ ಹೊತ್ತಿಗೆ ಕೈಹಾಕಿರಿ. ಎಲ್ಲ ಅಂಕಪಟ್ಟಿಗಳಲ್ಲೂ ಪಾಸ್‌ಪೋರ್ಟಿನಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನು ಅದಕ್ಕಿಂತ ಮೊದಲು ನೋಡಿರಿ. ಓಎಟಿಯನ್ನು ಮೇ ಅಥವಾ ಜೂನ್‌ನಲ್ಲಿ ಬರೆಯಿರಿ. ಪ್ರಬಂಧ ಕೊನೆಗೆ ಬರಲಿ, ಏಕೆಂದರೆ ಅದೊಂದೇ ಯಾರನ್ನೂ ಕಾಯದೆ ನಿಮ್ಮ ಕೈಯಲ್ಲೇ ಮುಗಿಯುವ ಕೆಲಸ. ನಮ್ಮಂತೆ ವೀಸಾದಲ್ಲಿರುವವರಿಗೆ ಇಲ್ಲಿನ ಸರ್ಕಾರದ ವಿದ್ಯಾರ್ಥಿ ಸಾಲ ದೊರೆಯುವುದಿಲ್ಲವಾದ್ದರಿಂದ, ಖಾಸಗಿ ಸಾಲಕ್ಕೆ ಜಾಮೀನುದಾರರನ್ನು ಹುಡುಕಲು ಸಹ ಬೇಗ ಸಿಕ್ಕ ಸೀಟು ಅಷ್ಟು ತಿಂಗಳ ಕಾಲಾವಕಾಶ ಕೊಡುತ್ತದೆ.

ಈಗಾಗಲೇ ಜನವರಿ ದಾಟಿದ್ದರೆ, ಶುಲ್ಕ ಕಟ್ಟುವ ಮೊದಲು ಪ್ರತಿ ಕಾಲೇಜಿಗೂ ದೂರವಾಣಿ ಮಾಡಿ, ಎಷ್ಟು ಸೀಟು ಉಳಿದಿವೆ, ಇನ್ನೂ ಸಂದರ್ಶನ ನಡೆಸುತ್ತಿದ್ದೀರಾ ಎಂದು ನೇರವಾಗಿ ಕೇಳಿರಿ. ನಾನು ಕೇಳಿದವರೆಲ್ಲ ಉತ್ತರ ಕೊಟ್ಟರು. ಕೇಳಿದ್ದು ಮಾತ್ರ ಮರುವರ್ಷ.